ಮಳೆಯ ಕೆಲಸ ನಾವು ಮಾಡಬೇಕು: ಮನೆಯೊಳಗಿನ ಆರ್ಕಿಡ್‌ಗೆ ಹುಳ, ನುಸಿ ಬಂದಾಗ

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿದ್ದ ಫಲೆನಾಪ್ಸಿಸ್ ಆರ್ಕಿಡ್‌ನ ಎಲೆ ಸಂದಿಯಲ್ಲಿ ಹತ್ತಿ ಎಳೆಯಂಥದ್ದು ಏನೋ ಕಂಡಿತು. ಹಿಟ್ಟು ತಿಗಣೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇವಿನೆಣ್ಣೆ ಸಿಂಪಡಿಸಿದೆ. ಗಿಡ ಸ್ವಚ್ಛವಾಯಿತು. ಅಲ್ಲಿಗೆ ಬಿಟ್ಟೆ. ಒಂದು ತಿಂಗಳೊಳಗೆ ಅದೇ ಕಿಟಕಿಯ ಐದು ಗಿಡಗಳಿಗೂ ಅದು ಹಬ್ಬಿತ್ತು. ಮೊದಲ ಸಲ ಹೂಕಡ್ಡಿ ಬಿಟ್ಟಿದ್ದ ಒಂದು ಗಿಡ ಉಳಿಯಲೇ ಇಲ್ಲ.

ಔಷಧಿ ಸರಿಯಾಗಿಯೇ ಇತ್ತು. ಒಂದೇ ಸಲ ಹಾಕಿ ನಿಲ್ಲಿಸಿದ್ದು ನನ್ನ ತಪ್ಪು. ಕಣ್ಣಿಗೆ ಕಂಡ ಹುಳಗಳೇನೋ ಸತ್ತವು, ಮೊಟ್ಟೆಗಳು ಹಾಗೇ ಇದ್ದವು. ಅಲ್ಲಿಂದೀಚೆಗೆ ನಾನು ಬಿಡದೆ ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕಿಟಕಿಯಲ್ಲೋ ವರಾಂಡದಲ್ಲೋ ಹತ್ತಿಪ್ಪತ್ತು ಆರ್ಕಿಡ್ ಇಟ್ಟುಕೊಂಡವರಿಗೆ ಇದು ಸಾಕು. ದುಬಾರಿ ಸಾಮಾನು ಏನೂ ಬೇಕಿಲ್ಲ.

ಮಲೆನಾಡಿನ ಕಡೆಯವರು ಮರದ ಕೊಂಬೆಯಿಂದ ಜೋತಾಡುವ ಸೀತಾಳೆ ದಂಡೆಯನ್ನು ನೋಡಿಯೇ ಇರುತ್ತೀರಿ. ಅದೂ ಆರ್ಕಿಡ್ಡೇ. ಅದಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ. ಜೂನ್‌ನಿಂದ ನಾಲ್ಕು ತಿಂಗಳು ಮಳೆಯೇ ಅದರ ಎಲೆ, ಬೇರು ಎಲ್ಲವನ್ನೂ ತೊಳೆಯುತ್ತದೆ. ಗಾಳಿ ಒಣಗಿಸುತ್ತದೆ. ಜೇಡ, ಗುಲಗಂಜಿ ಹುಳುಗಳು ಬಂದು ತಿಗಣೆಗಳನ್ನು ತಿಂದು ಹೋಗುತ್ತವೆ. ನಮ್ಮ ಕಿಟಕಿಯಲ್ಲಿ ಈ ಮೂರೂ ಇಲ್ಲ. ಬೆಚ್ಚಗಿರುತ್ತದೆ, ಗಾಳಿ ಕಮ್ಮಿ, ತಿನ್ನುವವರು ಯಾರೂ ಇಲ್ಲ. ಹಾಗಾಗಿ ಮಳೆ ಮಾಡುವ ಕೆಲಸವನ್ನು ನಾವೇ ಕೈಯಾರೆ ಮಾಡಬೇಕು. ಮಳೆಯ ಹಾಗೆ ಮತ್ತೆ ಮತ್ತೆ ಮಾಡಬೇಕು.

ಮೊದಲು ಗಿಡವನ್ನು ದೂರ ಇಡಿ

ಹುಳ ಕಂಡ ಕೂಡಲೇ ಔಷಧಿ ಹುಡುಕಿಕೊಂಡು ಹೋಗಬೇಡಿ. ಮೊದಲು ಗಿಡವನ್ನು ಎತ್ತಿ ಬೇರೆ ಕೋಣೆಗೆ ಒಯ್ಯಿರಿ. ಹಿಟ್ಟು ತಿಗಣೆಯ ಮರಿಗಳು ಒಂದಕ್ಕೊಂದು ತಾಗಿದ ಎಲೆಗಳ ಮೂಲಕ ನಡೆದೇ ಪಕ್ಕದ ಗಿಡಕ್ಕೆ ಹೋಗುತ್ತವೆ. ನುಸಿಗಳು ಗಾಳಿಯಲ್ಲಿ ತೇಲಿ ಹೋಗುತ್ತವೆ, ನಮ್ಮ ಕೈ, ಬಟ್ಟೆಗೂ ಅಂಟಿಕೊಂಡು ಸಾಗುತ್ತವೆ.

ಆಮೇಲೆ ಆ ಗಿಡ ಇದ್ದ ಜಾಗವನ್ನು ಸೋಪು ನೀರಲ್ಲಿ ಒರೆಸಿ. ಕಿಟಕಿ ಕಟ್ಟೆ, ಕುಂಡದ ಕೆಳಗಿನ ತಟ್ಟೆ, ಕುಂಡದ ಅಂಚಿನ ಒಳಬದಿ, ಹೂಕಡ್ಡಿಗೆ ಆಸರೆ ಕೊಟ್ಟ ಕೋಲು, ಅದಕ್ಕೆ ಹಾಕಿದ ಕ್ಲಿಪ್ ಯಾವುದನ್ನೂ ಬಿಡಬೇಡಿ. ಹಿಟ್ಟು ತಿಗಣೆ ಗಿಡ ಬಿಟ್ಟು ಇಂಥ ಜಾಗದಲ್ಲೂ ಮೊಟ್ಟೆ ಇಡುತ್ತದೆ. ನಾನು ಒಮ್ಮೆ ಪ್ಲಾಸ್ಟಿಕ್ ಕ್ಲಿಪ್‌ನ ಒಳಗೆ ಬಿಳಿ ಮೊಟ್ಟೆ ಚೀಲ ಕಂಡಿದ್ದೇನೆ. ಎಲೆಗಳೆಲ್ಲ ಕನ್ನಡಿಯ ಹಾಗೆ ಸ್ವಚ್ಛವಾಗಿದ್ದವು, ಅಲ್ಲಿ ಮಾತ್ರ ಉಳಿದುಕೊಂಡಿತ್ತು.

ಯಾವ ಹುಳ ಅಂತ ತಿಳಿದುಕೊಳ್ಳಿ

ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಎಲೆಯ ಅಡಿಭಾಗ, ಎಲೆ ಕಾಂಡಕ್ಕೆ ಸೇರುವ ಸಂದಿ, ಮೊಗ್ಗಿನ ಹಿಂಬದಿ, ಹೂಕಡ್ಡಿಯ ಗೆಣ್ಣು, ಇಷ್ಟನ್ನು ನೋಡಿದರೆ ಬಹುಪಾಲು ಸಿಕ್ಕಿಬಿಡುತ್ತದೆ.

ಹಿಟ್ಟು ತಿಗಣೆಯನ್ನು ಗುರುತಿಸುವುದು ಸುಲಭ. ಮೈಮೇಲೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಇರುತ್ತದೆ. ಅದು ಮೇಣ. ಆ ಮೇಣ ಇರುವುದರಿಂದಲೇ ಬರೀ ನೀರು ಹಾಕಿದರೆ ಅದರ ಮೈಗೆ ಅಂಟುವುದಿಲ್ಲ. ಹೆಣ್ಣು ತಿಗಣೆ ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಬಾಲ ಉದ್ದವಿರುವ ಇನ್ನೊಂದು ಜಾತಿ ನೇರವಾಗಿ ಮರಿಯನ್ನೇ ಹಾಕುತ್ತದೆ. ಇವು ರಸ ಹೀರಿ, ಸಿಹಿಯಾದ ಅಂಟನ್ನು ಹೊರಹಾಕುತ್ತವೆ. ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆ ಜಿಗುಟಾಗಿದ್ದರೆ, ಕಿಟಕಿ ಕಟ್ಟೆಗೆ ಅಂಟು ಸಿಡಿದಿದ್ದರೆ ಮೇಲೆಲ್ಲೋ ಇದು ಇದೆ ಎಂದೇ ಅರ್ಥ.

ಸ್ಕೇಲ್, ಅಂದರೆ ಶಲ್ಕ ಕೀಟ, ಹುಳದ ಹಾಗೇ ಕಾಣುವುದಿಲ್ಲ. ಎಲೆಯ ಮೇಲೆ ಕಂದು ಬಣ್ಣದ ಚಿಕ್ಕ ಬಿಲ್ಲೆ ಅಂಟಿಸಿದಂತೆ ಇರುತ್ತದೆ. ಅಲ್ಲಾಡುವುದಿಲ್ಲ. ಉಗುರಿನಿಂದ ಕೆರೆದರೆ ಬಿಲ್ಲೆ ಎದ್ದು ಬಂತಾ? ಹಾಗಾದರೆ ಸ್ಕೇಲ್. ಎಲೆಯದೇ ಕಲೆಯಾಗಿದ್ದರೆ ಎದ್ದು ಬರುವುದಿಲ್ಲ. ಇದರಲ್ಲಿ ಎರಡು ಬಗೆ. ಮೆತ್ತನೆಯ ಮೈಯವು ಅಂಟು ಸುರಿಸುತ್ತವೆ. ಗಟ್ಟಿ ಚಿಪ್ಪಿನವು ಅಂಟು ಸುರಿಸುವುದೇ ಇಲ್ಲ, ಹಾಗಾಗಿ ತಡವಾಗಿ ಗೊತ್ತಾಗುತ್ತವೆ. ಕ್ಯಾಟ್ಲಿಯಾ ಎಂಬ ಆರ್ಕಿಡ್ ಬೆಳೆಸುವವರು ಇನ್ನೊಂದು ವಿಷಯ ನೆನಪಿಡಿ. ಅದಕ್ಕೆ ಬರುವ ಗಟ್ಟಿ ಚಿಪ್ಪಿನ ಸ್ಕೇಲ್‌ನ ಗಂಡು ಮರಿಗಳು ಒಂದೆಡೆ ಗುಂಪಾಗಿ, ಬೆಳ್ಳಗೆ, ಹತ್ತಿ ಉಂಡೆಯ ಹಾಗೆ ಕಾಣುತ್ತವೆ. ಹಿಟ್ಟು ತಿಗಣೆ ಅಂದುಕೊಂಡು ಮೋಸ ಹೋಗುವುದು ಇಲ್ಲೇ. ಕಾಂಡಕ್ಕೆ ಸುತ್ತಿಕೊಂಡ ಒಣ ಸಿಪ್ಪೆಯನ್ನು ಮೆಲ್ಲಗೆ ಬಿಡಿಸಿ ಒಳಗೆ ನೋಡಿ. ಚಿಪ್ಪಿನವು ಸಾಲಾಗಿ ಅಲ್ಲೇ ಕೂತಿರುತ್ತವೆ.

ಇನ್ನು ನುಸಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ರೈತರ ಮಾತಿನಲ್ಲಿ ಥ್ರಿಪ್ಸ್ ಕೂಡ ನುಸಿ, ಮೈಟ್ ಕೂಡ ನುಸಿ. ಮೆಣಸಿನಕಾಯಿ ಬೆಳೆದವರಿಗೆ ಮುಟುರು ರೋಗ ಗೊತ್ತಿರುತ್ತದೆ. ಥ್ರಿಪ್ಸ್ ನುಸಿ ಬಂದರೆ ಎಲೆ ಮೇಲಕ್ಕೆ ಮುದುಡುತ್ತದೆ, ಮೈಟ್ ನುಸಿ ಬಂದರೆ ಕೆಳಕ್ಕೆ ಮುದುಡುತ್ತದೆ. ಆರ್ಕಿಡ್‌ನ ದಪ್ಪ ಎಲೆ ಹಾಗೆ ಮುದುಡುವುದಿಲ್ಲ. ಸುಮ್ನೆ ಅಂಗಡಿಗೆ ಹೋಗಿ ‘ನುಸಿಗೆ ಔಷಧಿ ಕೊಡಿ’ ಅಂದರೆ ಯಾವುದೋ ಒಂದು ಸಿಗುತ್ತದೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನದ್ದು, ಜೇಡದ ಸಂಬಂಧಿ. ಒಂದಕ್ಕೆ ಕೆಲಸ ಮಾಡುವ ಎಷ್ಟೋ ಕೀಟನಾಶಕಗಳು ಇನ್ನೊಂದಕ್ಕೆ ತಾಗುವುದೇ ಇಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಔಷಧಿ ಹಾಕಿದ ಮೇಲೆ ಮೈಟ್ ನುಸಿ ಜಾಸ್ತಿ ಆಗುವುದೂ ಉಂಟು.

ಮೈಟ್ ನುಸಿ ಬರಿಗಣ್ಣಿಗೆ ಕೆಂಪು ಧೂಳಿನ ಕಣದ ಹಾಗೆ ಕಾಣುತ್ತದೆ, ಕೆಲವು ಸಲ ಅಷ್ಟೂ ಕಾಣುವುದಿಲ್ಲ. ಒಂದು ಬಿಳಿ ಟಿಶ್ಯೂ ತಗೊಂಡು ಎಲೆಯ ಅಡಿಭಾಗವನ್ನು ಒತ್ತಿ ಒರೆಸಿ. ಟಿಶ್ಯೂ ಮೇಲೆ ಕೆಂಪು ಅಥವಾ ಕಂದು ಗೆರೆ ಬಿದ್ದರೆ ಮೈಟ್ ಇದೆ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ಬೆಳ್ಳಗಿನ ಚುಕ್ಕೆಗಳು, ಸಂದಿಯಲ್ಲಿ ತೆಳ್ಳನೆಯ ಬಲೆ ಕಂಡರೆ ಅದು ಜೇಡ ನುಸಿ. ಫಲೆನಾಪ್ಸಿಸ್‌ಗೆ ಇದಕ್ಕಿಂತ ಹೆಚ್ಚು ಕಾಡುವುದು ಚಪ್ಪಟೆ ಮೈಯ ಇನ್ನೊಂದು ನುಸಿ. ಅದು ಬಲೆ ಕಟ್ಟುವುದಿಲ್ಲ. ಎಲೆಯ ಮೇಲ್ಮೈ ಗುಳಿ ಗುಳಿಯಾಗಿ, ಬೆಳ್ಳಿ ಬಣ್ಣಕ್ಕೆ ತಿರುಗಿ, ಆಮೇಲೆ ಕಂದಾಗುತ್ತದೆ. ಬಿಸಿಲಿಗೆ ಸುಟ್ಟಿದೆ ಅಂದುಕೊಂಡು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಈ ಚಪ್ಪಟೆ ನುಸಿಗಳಲ್ಲಿ ಒಂದು ಜಾತಿ ಆರ್ಕಿಡ್‌ಗೆ ವೈರಸ್ಸನ್ನೂ ಹರಡುತ್ತದೆ. ವೈರಸ್ ಬಂದ ಗಿಡಕ್ಕೆ ಮದ್ದಿಲ್ಲ.

ಥ್ರಿಪ್ಸ್ ಹೂವಿನ ಶತ್ರು. ಎಸಳಿನ ಅಂಚು ಕಂದಾಗಿದ್ದರೆ, ಮೊಗ್ಗು ಸೊಟ್ಟಗಾಗಿ ಅರಳಿದರೆ, ಎಲೆಯ ಮೇಲೆ ಬೆಳ್ಳಿ ಗೆರೆಯೂ ಅದರ ಮೇಲೆ ಕಪ್ಪು ಚುಕ್ಕಿಯೂ ಇದ್ದರೆ ಇದೇ. ಹೂವನ್ನು ಬಿಳಿ ಕಾಗದದ ಮೇಲೆ ಹಿಡಿದು ತಟ್ಟಿ. ಎಳ್ಳಿಗಿಂತ ಚಿಕ್ಕದಾದ, ಉದ್ದನೆಯ ಹುಳ ಓಡಾಡುತ್ತದೆ. ವಾಂಡಾ, ಡೆಂಡ್ರೋಬಿಯಂ ಬಗೆಯ ಆರ್ಕಿಡ್‌ಗಳಿಗೆ ಇದು ಜಾಸ್ತಿ.

ಹೇನು ಎಳೆ ಹೂಕಡ್ಡಿಯ ತುದಿಗೆ, ಮೊಗ್ಗಿಗೆ ಬರುತ್ತದೆ. ನೀರು ಚಿಮ್ಮಿಸಿದರೆ ಉದುರಿ ಹೋಗುತ್ತದೆ, ಭಯ ಬೇಡ. ಕುಂಡದ ಸುತ್ತ ಹಾರುವ ಚಿಕ್ಕ ಕಪ್ಪು ನೊಣಗಳು ಕೊಳೆಯುತ್ತಿರುವ ತೆಂಗಿನ ನಾರಿನಲ್ಲಿ ಹುಟ್ಟುವಂಥವು. ಅವು ಬಂದರೆ ನೀರು ಜಾಸ್ತಿಯಾಗಿದೆ, ನಾರು ಹಳೆಯದಾಗಿದೆ ಎಂದು ತಿಳಿಯಿರಿ. ಹಳದಿ ಅಂಟು ಕಾರ್ಡ್ ಒಂದನ್ನು ಕುಂಡದಲ್ಲಿ ಸಿಕ್ಕಿಸಿ, ನಾರು ಬದಲಿಸಿ.

ಒಂದನ್ನು ಮಾತ್ರ ಹುಳ ಅಂದುಕೊಳ್ಳಬೇಡಿ. ಮೊಗ್ಗಿನ ಬುಡದಲ್ಲಿ, ಹೂಕಡ್ಡಿಯ ಮೇಲೆ, ಶುದ್ಧ ನೀರಿನ ಹನಿಯಂಥ ಸಿಹಿ ಹನಿ ಕಾಣಬಹುದು. ಸುತ್ತಮುತ್ತ ಒಂದೂ ಹುಳ ಇಲ್ಲದಿದ್ದರೆ ಅದು ಗಿಡವೇ ಒಸರಿದ ಮಕರಂದ. ಆರೋಗ್ಯವಾಗಿರುವ ಆರ್ಕಿಡ್ ಹೀಗೆ ಮಾಡುತ್ತದೆ. ಇರುವೆ ಬರದ ಹಾಗೆ ಒರೆಸಿದರೆ ಸಾಕು.

ತೊಳೆಯುವುದೇ ಅರ್ಧ ಮದ್ದು

ಯಾವ ಹುಳವಾದರೂ ಮೊದಲು ತೊಳೆಯಿರಿ. ಅದರಲ್ಲೂ ಮೈಟ್ ನುಸಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ.

ಕುಂಡದ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಒಳಗಿನ ಇದ್ದಿಲು, ತೆಂಗಿನ ಸಿಪ್ಪೆ ಚೆಲ್ಲದ ಹಾಗೆ ಮಾಡಿಕೊಳ್ಳಿ. ಬಚ್ಚಲಿಗೆ ಒಯ್ದು ಗಿಡವನ್ನು ಓರೆಯಾಗಿ ಹಿಡಿಯಿರಿ. ಶವರ್ ಅಥವಾ ಕೈಯಲ್ಲಿ ಹಿಡಿಯುವ ಸಣ್ಣ ಪೈಪಿನಿಂದ ಎಲೆಯ ಅಡಿಭಾಗಕ್ಕೆ ನೀರು ಬಿಡಿ. ಬೆರಳಿಂದ ಎರಡೂ ಬದಿ ನಿಧಾನವಾಗಿ ಉಜ್ಜಿ. ಒಂದೊಂದು ಎಲೆಗೆ ಅರ್ಧ ನಿಮಿಷ ಕೊಡಿ. ಏಪ್ರಿಲ್ ಮಧ್ಯಾಹ್ನ ತೊಳೆಯಬೇಡಿ, ಮಹಡಿಯ ಟ್ಯಾಂಕಿನ ನೀರು ಆಗ ಸುಡುತ್ತಿರುತ್ತದೆ. ಬೆಳಿಗ್ಗೆ ಮಾಡಿ. ಒಣಗಲು ಇಡೀ ದಿನ ಸಿಗುತ್ತದೆ.

ತೊಳೆದ ಮೇಲಿನ ಕೆಲಸ ಇನ್ನೂ ಮುಖ್ಯ. ಫಲೆನಾಪ್ಸಿಸ್‌ನ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ತೆಂಗು, ಅಡಿಕೆಯ ಸುಳಿ ಕೊಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳೆಯುವ ತುದಿ ಅದೊಂದೇ, ಅದು ಹೋದರೆ ಗಿಡ ಹೋದಂತೆಯೇ ಲೆಕ್ಕ. ಟಿಶ್ಯೂವನ್ನು ಬತ್ತಿಯಂತೆ ಹೊಸೆದು ಸುಳಿಯೊಳಗೆ ಇಳಿಸಿ ನೀರು ಹೀರಿಸಿ. ಎಲೆ ಸಂದಿಗಳಿಗೂ ಹಾಗೇ ಮಾಡಿ. ಆಮೇಲೆ ಒಂದು ಗಂಟೆ ಫ್ಯಾನಿನ ಗಾಳಿಗೆ ಇಡಿ.

ಸ್ಪಿರಿಟ್ ಮತ್ತು ಇಯರ್ ಬಡ್

ಹಿಟ್ಟು ತಿಗಣೆ, ಸ್ಕೇಲ್ ಎರಡಕ್ಕೂ ಕೈಕೆಲಸವೇ ಮದ್ದು. ಮೆಡಿಕಲ್ ಶಾಪಿನಲ್ಲಿ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ. ನಾನು ಸ್ಪಿರಿಟ್ ಅನ್ನುವುದು ಇದಕ್ಕೇ. ಕೈ ತೊಳೆಯುವ ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ಗ್ಲಿಸರಿನ್, ಪರಿಮಳ ಎಲ್ಲ ಸೇರಿರುತ್ತದೆ, ಎಲೆಯ ಮೇಲೆ ಪದರ ಬಿಡುತ್ತದೆ.

ಇಯರ್ ಬಡ್ಡನ್ನು ಅದರಲ್ಲಿ ಅದ್ದಿ ಹುಳಕ್ಕೆ ಮುಟ್ಟಿಸಿ. ಮೇಣ ಕರಗಿ, ಬಿಳಿ ತಿಗಣೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಸತ್ತಿತು ಎಂದರ್ಥ. ಒರೆಸಿ ತೆಗೆಯಿರಿ. ಎಲೆ ಸಂದಿಯ ಆಳಕ್ಕೆ ಹತ್ತಿ ಹೋಗದಿದ್ದರೆ ಹಲ್ಲುಕಡ್ಡಿಗೆ ಸ್ವಲ್ಪ ಹತ್ತಿ ಸುತ್ತಿಕೊಳ್ಳಿ. ಸ್ಕೇಲ್‌ಗೆ ಮುಟ್ಟಿಸಿದರೆ ಸಾಲದು. ಹಳೆಯ ಮೆತ್ತನೆ ಟೂತ್ ಬ್ರಶ್‌ನಿಂದ ಬಿಲ್ಲೆಯನ್ನು ಉಜ್ಜಿ ತೆಗೆಯಲೇಬೇಕು. ಸತ್ತ ಸ್ಕೇಲ್ ತಾನಾಗಿ ಬೇಗ ಉದುರುವುದಿಲ್ಲ. ಹಾಗೇ ಬಿಟ್ಟರೆ ಮುಂದಿನ ವಾರ ನೋಡುವಾಗ ಹಳೆಯದು ಯಾವುದು, ಹೊಸದು ಯಾವುದು ಗೊತ್ತಾಗುವುದಿಲ್ಲ.

ಹೂವಿಗೆ, ಎಳೆ ಮೊಗ್ಗಿಗೆ, ಬೇರಿನ ಹಸಿರು ತುದಿಗೆ ಸ್ಪಿರಿಟ್ ತಾಗಿಸಬೇಡಿ. ಕುಂಡಕ್ಕೆ ಸುರಿಯಬೇಡಿ. ಕೆಲಸ ಮುಗಿಯುವವರೆಗೂ ಗಿಡಕ್ಕೆ ಬಿಸಿಲು ಬೀಳದಿರಲಿ. ಇನ್ನೊಂದು, ಇದು ಬೆಂಕಿ ಹತ್ತಿಕೊಳ್ಳುವ ವಸ್ತು. ದೇವರ ದೀಪ, ಗ್ಯಾಸ್ ಒಲೆಯ ಹತ್ತಿರ ಕೂತು ಮಾಡಬೇಡಿ. ಕಿಟಕಿ ತೆರೆದಿಟ್ಟುಕೊಳ್ಳಿ.

ಸೋಪು ನೀರು, ಬೇವಿನೆಣ್ಣೆ

ಕೈಗೆ ಸಿಗದ ಮರಿಗಳಿಗೆ, ಥ್ರಿಪ್ಸ್‌ಗೆ, ನುಸಿಗೆ ಸಿಂಪಡಣೆ ಬೇಕು. ಸೋಪು ಹುಳದ ಮೈಮೇಲಿನ ಮೇಣವನ್ನು ಕರಗಿಸಿ ಒಣಗಿಸುತ್ತದೆ. ಎಣ್ಣೆ ಅದರ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಎರಡೂ ಹುಳದ ಮೈಗೆ ನೇರವಾಗಿ ತಾಗಿದರೆ ಮಾತ್ರ ಕೆಲಸ. ಎಲೆಯ ಮೇಲಷ್ಟೇ ಹೊಡೆದು, ಅಡಿಭಾಗ ಬಿಟ್ಟರೆ ಶ್ರಮ ವ್ಯರ್ಥ.

ನಾನು ಮಾಡಿಕೊಳ್ಳುವ ಅಳತೆ ಇದು. ಒಂದು ಲೀಟರ್ ಉಗುರುಬೆಚ್ಚಗಿನ ನೀರು. ಅದಕ್ಕೆ ಬಣ್ಣ, ಪರಿಮಳ ಇಲ್ಲದ ಮೆದು ಲಿಕ್ವಿಡ್ ಸೋಪು 2 ಮಿಲಿ. ಮೊದಲು ಸೋಪನ್ನೂ ಎಣ್ಣೆಯನ್ನೂ ಸಣ್ಣ ಬಟ್ಟಲಲ್ಲಿ ಹಾಲಿನ ಬಣ್ಣ ಬರುವಂತೆ ಕಲಸಿ, ಆಮೇಲೆ ನೀರಿಗೆ ಸೇರಿಸಬೇಕು. ಶುದ್ಧ ಬೇವಿನೆಣ್ಣೆ ಮೊದಲ ಸಲ 3 ಮಿಲಿ, ಗಿಡ ತಡೆದುಕೊಂಡರೆ ಮುಂದಿನ ಸಲ 5 ಮಿಲಿ. ಅದಕ್ಕಿಂತ ಜಾಸ್ತಿ ಬೇಡ. ಚಳಿಗಾಲದಲ್ಲಿ ಬೇವಿನೆಣ್ಣೆ ಗಟ್ಟಿಯಾಗಿರುತ್ತದೆ. ಬಾಟಲಿಯನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಡಿ. ಕಲಸಿದ್ದನ್ನು ಅವತ್ತೇ ಮುಗಿಸಿ, ಉಳಿದದ್ದನ್ನು ಎತ್ತಿಡಬೇಡಿ. ಸಿಂಪಡಿಸುವಾಗ ನಡುನಡುವೆ ಬಾಟಲಿ ಕುಲುಕುತ್ತಿರಿ. ಸೋಪಿನ ಬದಲು ಅಂಟುವಾಳದ ಕಾಯಿ ನೆನೆಸಿ ಹಿಸುಕಿದ ನೀರಲ್ಲೂ ಎಣ್ಣೆ ಕಲಸಬಹುದು. ಅಜ್ಜಿಯ ಕಾಲದ ಸಾಮಾನು ಈಗಲೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ.

ನೀರಿನ ವಿಷಯ ಯಾರೂ ಹೇಳುವುದಿಲ್ಲ, ಆದರೆ ಇದು ಮುಖ್ಯ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ನೊರೆ ಬರುವುದಿಲ್ಲ, ಒಡೆದು ಬಿಳಿ ಕೆನೆ ಕಟ್ಟುತ್ತದೆ. ಅಂಥ ನೀರಲ್ಲಿ ಕಲಸಿದ ಸೋಪು ಹುಳಕ್ಕೆ ಏನೂ ಮಾಡುವುದಿಲ್ಲ. ಸ್ನಾನಕ್ಕೆ ಸೋಪು ಉಜ್ಜಿದರೂ ನೊರೆ ಬಾರದ ನೀರು ನಿಮ್ಮ ಮನೆಯಲ್ಲಿದೆಯಾ? ಹಾಗಾದರೆ ಔಷಧಿಗೆ ಮಳೆ ನೀರು ಅಥವಾ ಆರ್‌ಓ ನೀರು ಬಳಸಿ.

ಇದನ್ನೆಲ್ಲ ಕಲಸುವ ತೊಂದರೆ ಬೇಡ ಅನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸೋಪು, ಹೊಂಗೆ ಸೋಪು ಎಂದು ಎರಡನ್ನು ರೂಪಿಸಿದೆ. ರೈತರಿಗಾಗಿ ಮಾಡಿದ್ದು. ಎಣ್ಣೆ, ಸೋಪು ಎರಡೂ ಅದರಲ್ಲೇ ಇರುತ್ತದೆ. ಪೊಟ್ಟಣದ ಮೇಲಿನ ಅಳತೆ ತರಕಾರಿ ಬೆಳೆಗಳಿಗೆ. ಆರ್ಕಿಡ್‌ಗೆ ಅದರ ಅರ್ಧದಿಂದ ಶುರು ಮಾಡಿ.

ಏನೇ ಹೊಡೆಯುವುದಿದ್ದರೂ ಮೊದಲು ಒಂದು ಎಲೆಗೆ ಹಾಕಿ ಎರಡು ದಿನ ಕಾಯಿರಿ. ಗಿಡ ಬಾಯಾರಿದ್ದಾಗ ಹೊಡೆಯಬೇಡಿ, ಹಿಂದಿನ ದಿನ ನೀರು ಕೊಟ್ಟಿರಿ. ಅರಳಿದ ಹೂವಿಗೆ ಹಾಕಿದರೆ ಕಲೆ ಬೀಳುತ್ತದೆ. ಸಿಂಪಡಿಸಿ ಒಂದೆರಡು ಗಂಟೆ ಆದ ಮೇಲೆ ಸೋಪು ನೀರನ್ನು ಬರೀ ನೀರಿನಿಂದ ತೊಳೆಯಬಹುದು. ಎಳೆ ಎಲೆ ಇರುವ ಗಿಡಕ್ಕೆ ನಾನು ಹಾಗೇ ಮಾಡುತ್ತೇನೆ. ಮತ್ತೆ ಸುಳಿ ಒಣಗಿಸುವುದನ್ನು ಮರೆಯಬೇಡಿ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಆ ಕೋಣೆಯಲ್ಲಿ ಸಿಂಪಡಿಸಬೇಡಿ. ಸೋಪು, ಬೇವು ಎರಡೂ ಮೀನಿಗೆ ಆಗುವುದಿಲ್ಲ.

ಥ್ರಿಪ್ಸ್ ಆದರೆ ಹೂಗಳನ್ನು ಕತ್ತರಿಸಿಬಿಡಿ. ಮನಸ್ಸಿಗೆ ಕಷ್ಟ, ನನಗೂ ಗೊತ್ತು. ಒಂದು ಹೂವಿಗಾಗಿ ಎಂಟು ತಿಂಗಳು ಕಾದಿರುತ್ತೇವೆ. ಆದರೆ ಅವು ಎಸಳಿನ ಮಡಿಕೆಯೊಳಗೇ ಇರುತ್ತವೆ, ಔಷಧಿ ಅಲ್ಲಿಗೆ ತಲುಪುವುದಿಲ್ಲ. ಅವುಗಳ ಮರಿಗಳು ಕೆಳಗೆ ಉದುರಿ ಕುಂಡದಲ್ಲಿ ಕೋಶವಾಗುತ್ತವೆ. ಹಾಗಾಗಿ ಕುಂಡದ ಮೇಲ್ಭಾಗಕ್ಕೂ ಸಿಂಪಡಿಸಿ. ನೀಲಿ ಅಂಟು ಕಾರ್ಡ್‌ಗೆ ಥ್ರಿಪ್ಸ್ ಬಂದು ಅಂಟುತ್ತವೆ. ಇನ್ನೂ ಉಳಿದಿವೆಯೇ ಎಂದು ತಿಳಿಯಲು ಅದು ಉಪಯೋಗಕ್ಕೆ ಬರುತ್ತದೆ.

ಕ್ಯಾಲೆಂಡರ್‌ನಲ್ಲಿ ನಾಲ್ಕು ಗುರುತು

ನಾನು ಎರಡು ವರ್ಷದ ಹಿಂದೆ ಮಾಡದೇ ಬಿಟ್ಟದ್ದು ಇದನ್ನೇ. ಗೋಡೆಯ ಕ್ಯಾಲೆಂಡರ್ ತೆಗೆದು, ಇವತ್ತಿನ ದಿನಕ್ಕೆ ಒಂದು ಸುತ್ತು ಹಾಕಿ. ಎಂಟನೇ ದಿನಕ್ಕೆ, ಹದಿನೈದನೇ ದಿನಕ್ಕೆ, ಇಪ್ಪತ್ತೆರಡನೇ ದಿನಕ್ಕೆ ಒಂದೊಂದು. ನಾಲ್ಕೂ ದಿನ ಇದೇ ಕ್ರಮ: ತೊಳೆಯುವುದು, ಒರೆಸುವುದು, ಸಿಂಪಡಿಸುವುದು. ಎರಡನೇ ವಾರ ಒಂದೂ ಹುಳ ಕಾಣದಿದ್ದರೂ ಬಿಡಬೇಡಿ.

ಯಾಕೆ ಏಳು ದಿನ? ನಮ್ಮ ಯಾವ ಮದ್ದೂ ಮೊಟ್ಟೆಯನ್ನು ಪೂರ್ತಿಯಾಗಿ ಕೊಲ್ಲುವುದಿಲ್ಲ. ಹಿಟ್ಟು ತಿಗಣೆಯ ಮೊಟ್ಟೆ ಸುಮಾರು ಒಂದರಿಂದ ಎರಡು ವಾರದಲ್ಲಿ ಒಡೆಯುತ್ತದೆ. ಆಗಷ್ಟೇ ಹೊರಬಂದ ಮರಿಯ ಮೈಮೇಲೆ ಮೇಣ ಇರುವುದಿಲ್ಲ, ಸ್ಕೇಲ್ ಮರಿಗೆ ಚಿಪ್ಪು ಇರುವುದಿಲ್ಲ. ಬರೀ ಸೋಪು ನೀರಿಗೇ ಸಾಯುತ್ತವೆ. ಅವು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ ನಾವು ಬಂದು ಹೋಗಬೇಕು. ಮೈಟ್ ನುಸಿಯ ಲೆಕ್ಕ ಇನ್ನೂ ಚುರುಕು. 27 ಡಿಗ್ರಿಗಿಂತ ಮೇಲಿನ ಸೆಕೆಯಲ್ಲಿ ಅದರ ಮೊಟ್ಟೆ ಒಡೆದು, ಬೆಳೆದು ದೊಡ್ಡದಾಗಲು ವಾರ, ಹತ್ತು ದಿನ ಸಾಕು. ಹಾಗಾಗಿ ಮಾರ್ಚ್‌ನಿಂದ ಮೇ ತನಕ ಮೈಟ್‌ಗೆ ಐದು ದಿನಕ್ಕೊಮ್ಮೆ, ಐದು ಸಲ ಮಾಡಿ. ಏಸಿ ಹಾಕುವ ಕೋಣೆಯಲ್ಲಿ ಗಾಳಿ ಒಣಗಿರುತ್ತದೆ, ಅಲ್ಲೂ ಮೈಟ್ ಜಾಸ್ತಿ.

ಮತ್ತೆ ಮತ್ತೆ ಬರುತ್ತಿದೆಯಾ? ಬೇರು ನೋಡಿ

ನಾಲ್ಕು ಸಲ ಮಾಡಿದರೂ ಹಿಟ್ಟು ತಿಗಣೆ ತಿರುಗಿ ಬಂದರೆ ಅದು ಕುಂಡದೊಳಗಿದೆ. ಗಿಡವನ್ನು ಹೊರತೆಗೆಯಿರಿ. ಬೇರುಗಳ ಮೇಲೆ, ಕುಂಡದ ಒಳಗೋಡೆಗೆ ಬಿಳಿ ಪುಡಿ ಕಾಣುತ್ತದೆ. ಹಳೆಯ ತೆಂಗಿನ ಸಿಪ್ಪೆ, ನಾರು, ಇದ್ದಿಲು ಎಲ್ಲವನ್ನೂ ಕವರ್‌ನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬೇರೆ ಗಿಡಗಳ ಬುಡಕ್ಕೆ ಹಾಕಬೇಡಿ. ಕೊಳೆತು ಮೆತ್ತಗಾದ ಬೇರನ್ನು ಕತ್ತರಿಸಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ. ಉಳಿದ ಬೇರನ್ನು ಸೋಪು ನೀರಲ್ಲಿ ಹತ್ತು ನಿಮಿಷ ಅದ್ದಿಟ್ಟು, ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಒಂದು ದಿನ ನೆರಳಲ್ಲಿ ಒಣಗಲು ಬಿಟ್ಟು ಹೊಸ ಸಿಪ್ಪೆ, ಇದ್ದಿಲಿನಲ್ಲಿ ನೆಡಿ. ಹಳೆಯ ಕುಂಡವನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿದ ಮೇಲೆ ಮಾತ್ರ ಬಳಸಿ.

ಇರುವೆಯನ್ನು ತಡೆಯಿರಿ, ದಾಸವಾಳವನ್ನು ಗಮನಿಸಿ

ಆರ್ಕಿಡ್ ಮೇಲೆ ಇರುವೆ ಸಾಲು ಕಂಡರೆ ಅದರ ಹಿಂದೆ ಹೋಗಿ ನೋಡಿ. ಇರುವೆಗೆ ಬೇಕಾದದ್ದು ತಿಗಣೆ, ಸ್ಕೇಲ್, ಹೇನುಗಳು ಸುರಿಸುವ ಸಿಹಿ ಅಂಟು. ಅದಕ್ಕಾಗಿ ಅವುಗಳನ್ನು ನಾವು ಹಸು ಸಾಕಿದ ಹಾಗೆ ಸಾಕುತ್ತವೆ. ತಿನ್ನಲು ಬಂದ ಗುಲಗಂಜಿ ಹುಳುವನ್ನು ಓಡಿಸುತ್ತವೆ, ಮರಿಗಳನ್ನು ಹೊತ್ತು ಹೊಸ ಗಿಡಕ್ಕೂ ಬಿಡುತ್ತವೆ. ಇರುವೆ ಇರುವವರೆಗೆ ತಿಗಣೆ ಹೋಗುವುದಿಲ್ಲ.

ಹಿಂದೆ ಅಡುಗೆಮನೆಯ ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಗಿಡದ ಸ್ಟ್ಯಾಂಡಿಗೂ ಅದನ್ನೇ ಮಾಡಿ. ನೀರಿಗೆ ಎರಡು ಹನಿ ಸೋಪು ಹಾಕಿ, ಮೂರು ದಿನಕ್ಕೊಮ್ಮೆ ಬದಲಿಸಿ. ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ. ಸ್ಟ್ಯಾಂಡು ಗೋಡೆಗೆ ತಾಗದಿರಲಿ.

ಪೂಜೆಗೆ ಅಂತ ನಮ್ಮ ಬಹಳಷ್ಟು ಮನೆಗಳ ಬಾಲ್ಕನಿಯಲ್ಲಿ ಒಂದು ದಾಸವಾಳ ಇರುತ್ತದೆ, ಅಲ್ವಾ? ಹಿಟ್ಟು ತಿಗಣೆಗೆ ಅದು ಬಲು ಇಷ್ಟ. ಒಳಗಿನ ಆರ್ಕಿಡ್‌ಗೆ ತಿಗಣೆ ಎಲ್ಲಿಂದ ಬಂತು ಎಂದು ಹುಡುಕಿದರೆ ಅನೇಕ ಸಲ ದಾರಿ ದಾಸವಾಳಕ್ಕೇ ಹೋಗುತ್ತದೆ. ದಾಸವಾಳದ ತುದಿ ಮುದುಡಿ, ಬೆಳ್ಳಗಾಗಿದ್ದರೆ ಆ ತುದಿಗಳನ್ನು ಚಿವುಟಿ ತೆಗೆಯಿರಿ. ಅದಕ್ಕೆ ನೀರು ಹಾಕಿದ ಕೈಯಲ್ಲೇ ಆರ್ಕಿಡ್ ಮುಟ್ಟಬೇಡಿ.

ದಾಸವಾಳದ ಮೇಲೆ ಒಮ್ಮೊಮ್ಮೆ ತುಂಬ ದೊಡ್ಡದಾದ, ಉದ್ದುದ್ದ ಬಿಳಿ ಜೂಲಿನ, ಬೇಗ ಬೇಗ ಓಡಾಡುವ ‘ಹಿಟ್ಟು ತಿಗಣೆ’ ಕಾಣಬಹುದು. ಅದನ್ನು ಕೊಲ್ಲಬೇಡಿ. ಅದು ಹಿಟ್ಟು ತಿಗಣೆಯನ್ನೇ ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಕಾಫಿಗೆ ಬರುತ್ತಿದ್ದ ಹಸಿರು ಸ್ಕೇಲ್ ತಡೆಯಲು 1898ರಲ್ಲಿ ಇದನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದರು. ಇಂಥ ಉಪಕಾರಿ ಕೀಟಗಳ ಮೇಲೆ ಕೆಲಸ ಮಾಡುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ತೋಟಕ್ಕೆ ಇದು ವರ. ಮನೆಯೊಳಗೆ ಬಿಟ್ಟರೆ ಮಾತ್ರ ಬೆಳಕಿನ ಕಡೆ ಹಾರಿ ಕಿಟಕಿ ಗಾಜಿಗೆ ಹೋಗಿ ಕೂರುತ್ತದೆ. ಹಾಗಾಗಿ ಒಳಗಿನ ಗಿಡಕ್ಕೆ ನಮ್ಮ ಕೈ, ಇಯರ್ ಬಡ್ಡೇ ಗತಿ.

ಬಲವಾದ ಔಷಧಿಯ ಬಗ್ಗೆ

ಮಲಗುವ ಕೋಣೆಯಲ್ಲಿ, ಮಕ್ಕಳು ಓಡಾಡುವ ಹಾಲ್‌ನಲ್ಲಿ ಹೊಲಕ್ಕೆ ಹೊಡೆಯುವ ಕೀಟನಾಶಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ಗಿಡಕ್ಕೆ ಅದು ಬೇಕಾಗುವುದೂ ಇಲ್ಲ. ಮೈಟ್ ನುಸಿ ಹಟ ಹಿಡಿದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಕಲಸಿ, ಗಿಡವನ್ನು ಬಾಲ್ಕನಿಗೆ ಒಯ್ದು, ಮೂಗು ಬಾಯಿ ಮುಚ್ಚಿಕೊಂಡು, ಕೈಗವಸು ಹಾಕಿಕೊಂಡು ಸಿಂಪಡಿಸಬಹುದು. ಬೇವಿನೆಣ್ಣೆ ಹಾಕಿ ಎರಡು ವಾರ ಆಗುವ ಮೊದಲು ಗಂಧಕ ಹಾಕಲೇಬೇಡಿ, ಎಲೆ ಸುಡುತ್ತದೆ. 32 ಡಿಗ್ರಿ ಮೀರಿದ ಬಿಸಿಲಿನ ದಿನಗಳಲ್ಲೂ ಬೇಡ.

ಹೊಗೆಸೊಪ್ಪಿನ ಕಷಾಯ ‘ಸಹಜ’ ಅಂತ ಹಲವರು ಹೇಳುತ್ತಾರೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಮನೆಯೊಳಗೆ ಬೇಡ. ಅರಿಶಿನ ಚಿಮುಕಿಸುವುದರಿಂದ ತಿಗಣೆ ಹೋಗಿದ್ದನ್ನು ನಾನು ಕಂಡಿಲ್ಲ.

ಹೊಸ ಗಿಡ ತಂದಾಗ

ನರ್ಸರಿಯಿಂದ ತಂದಿರಲಿ, ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕೆ ಹೋದಾಗ ಕೊಂಡಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ನೆಂಟರೇ ಕೊಟ್ಟಿರಲಿ, ಹೊಸ ಗಿಡ ನಾಲ್ಕು ವಾರ ಬೇರೆ ಕಡೆ ಇರಬೇಕು. ಬಂದ ದಿನವೇ ಎಲೆಯ ಅಡಿ, ಸಂದಿ, ಕುಂಡದ ತಳದ ತೂತು ನೋಡಿ. ಎರಡು ಕುಂಡ ಒಂದರೊಳಗೊಂದು ಇಟ್ಟು ಮಾರಿರುತ್ತಾರೆ, ಅವುಗಳ ನಡುವೆಯೂ ನೋಡಿ. ಕಣ್ಣಿಗೆ ಕಾಣದ ಮೊಟ್ಟೆ ಇದ್ದರೆ ನಾಲ್ಕು ವಾರದೊಳಗೆ ಮರಿಯಾಗಿ ತಾನೇ ಹೊರಬರುತ್ತದೆ.

ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ, ನೀರು ಹಾಕುವ ದಿನವೇ, ಪ್ರತಿ ಎಲೆಯನ್ನೂ ಎತ್ತಿ ನೋಡಿ. ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ. ಒಂದು ಗಿಡಕ್ಕೆ ಒಂದು ಬಟ್ಟೆ, ಅದೇ ಬಟ್ಟೆಯಲ್ಲಿ ಎಲ್ಲ ಗಿಡ ಒರೆಸಿದರೆ ನುಸಿಯನ್ನು ನಾವೇ ಹಂಚಿದ ಹಾಗೆ. ಕುಂಡಗಳ ನಡುವೆ ಒಂದು ಗೇಣು ಜಾಗ ಬಿಡಿ. ಸಾರಜನಕ ಜಾಸ್ತಿ ಇರುವ ಗೊಬ್ಬರ ಪದೇ ಪದೇ ಹಾಕಬೇಡಿ. ಹಾಗೆ ಬಂದ ಮೆದುವಾದ, ರಸ ತುಂಬಿದ ಚಿಗುರು ಹುಳಗಳಿಗೆ ಪ್ರಿಯ.

ಕೆಲವು ಗಿಡಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಬೇರು, ಸುಳಿ, ಎಲೆ ಎಲ್ಲಕ್ಕೂ ಹಬ್ಬಿ, ಎರಡೇ ಸೊರಗಿದ ಎಲೆ ಉಳಿದಿದ್ದರೆ, ಪಕ್ಕದಲ್ಲಿ ಹತ್ತು ಒಳ್ಳೆಯ ಗಿಡ ಇದ್ದರೆ, ಆ ಒಂದನ್ನು ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಡಿ. ಕಾಂಪೋಸ್ಟ್‌ಗೆ ಹಾಕಬೇಡಿ.

ವಾಸಿಯಾದ ಗಿಡವನ್ನು ಹಳೆಯ ಜಾಗಕ್ಕೆ ತರಲು ಅವಸರ ಬೇಡ. ಕೊನೆಯ ಸಲ ಸಿಂಪಡಿಸಿದ ಮೇಲೆ ಮೂರು ವಾರ ಸುಮ್ಮನೆ ಬಿಟ್ಟು, ಪ್ರತಿ ವಾರ ಭೂತಗನ್ನಡಿ ಹಿಡಿದು ನೋಡಿ, ಬಿಳಿ ಟಿಶ್ಯೂನಿಂದ ಒರೆಸಿ. ಮೂರೂ ವಾರ ಟಿಶ್ಯೂ ಬೆಳ್ಳಗೇ ಇದ್ದರೆ ಗಿಡವನ್ನು ಕಿಟಕಿಗೆ ತನ್ನಿ. ಹಾಳಾದ ಎಲೆಯ ಮೇಲಿನ ಗುಳಿ, ಕಲೆ ಹೋಗುವುದಿಲ್ಲ, ಆ ಎಲೆ ಉದುರುವವರೆಗೂ ಹಾಗೇ ಇರುತ್ತದೆ. ಅದಕ್ಕೆ ಮತ್ತೆ ಔಷಧಿ ಹಾಕಬೇಡಿ. ಸುಳಿಯಿಂದ ಬರುವ ಹೊಸ ಎಲೆಯನ್ನು ನೋಡಿ. ಅದು ಕಲೆ ಇಲ್ಲದೆ, ನೇರವಾಗಿ, ಹೊಳೆಯುತ್ತಾ ಬಂದರೆ ಗಿಡ ಚೇತರಿಸಿಕೊಂಡಿದೆ.